ಕೂಸಿಗೆ ಕಂಡ ಮಾರಿ

ಕೂಸಿಗೆ ಎರಿಯೂ ಕೆಲಸದಾಗ ನಗೂವಂಥಾದ್ದು ಏನಿರ್ತದ ಅಂತ ಕೇಳೋರು ಒಂದು ದಿನ ಬಚ್ಚಲದಾಗ ನನ್ನ ಬಾಜೂಕ ಬಂದು ಕೂಡಬೇಕಿತ್ತು. ಎರಡೂ ಕಾಲು ಚಾಚಿ, ಅದರ ಮ್ಯಾಲೆ ಕೂಸಿನ್ನ ಹಾಕ್ಕೊಂಡು, ಎಣ್ಣಿ ತಿಕ್ಕಿ ಬಿಸಿನೀರು ಎರಿಯೂದು. ಕೆಲಸ ಅಂದ್ರ ಇಷ್ಟೇ. ಪುಣೇದ ಪೇಠೆಗಳೊಳಗ ಇಪ್ಪತ್ತೈದು ಮೂವತ್ತು ವರ್ಷ ಇದನ್ನ ಮಾಡೇನಿ, ದಿನಾ ಒಂದಿಲ್ಲೊಂದು ನಡದೇ ನಡೀತದ. ದೊಡ್ಡವರು ಕಲಿಸಿದ್ದನ್ನ ಮಾಡ್ತಾರ, ಕೂಸುಗೋಳು ಯಾರೂ ಕಲಿಸಲಾರದ್ದು ಮಾಡ್ತಾವ.

ಮೊದಲ ನನ್ನ ಮಾರಿ ವಿಷಯ ಹೇಳಿಬಿಡ್ತೀನಿ. ಓದಿದವರು ನೀವು ಮುಖ ಅಂತೀರಿ, ನಾವು ವಿಜಾಪುರದ ಕಡಿಯವರು ಮಾರಿ ಅಂತೀವಿ. ನನಗ ಐದು ವರ್ಷ ಇದ್ದಾಗ ಮೈಮ್ಯಾಲೆ ದೇವಿ, ಅಂದ್ರ ಸಿಡುಬು ಎದ್ದು, ಗಲ್ಲ ಹಣಿ ಎಲ್ಲಾ ಕುಣಿ ಬಿದ್ದು ಹೋದವು. ಒಂದು ಕಣ್ಣಾಗ ಹೂ ಬಿದ್ದು ಕುರುಡಾತು. ಅವತ್ತಿನಿಂದ ಮಂದಿ ನನ್ನ ಜೋಡಿ ಮಾತಾಡೂ ಮುಂದ ನನ್ನ ಕಿವಿ ನೋಡ್ತಾರ. ನನ್ನ ಕಿವಿ ಎಷ್ಟು ಚಂದ ಅವ ಅಂತ ಅರ್ಧಾ ಪುಣೆಗೆ ಗೊತ್ತದ.

ಇಲ್ಲಿ ಮಂದಿ ನನಗ ‘ಕಾಣಿ’ ಅಂತಿದ್ರು. ಮರಾಠಿಯೊಳಗ ಹಂಗಂದ್ರ ಒಕ್ಕಣ್ಣಿ. ರೈಲ್ವೆ ಲೈನಿನ ಮ್ಯಾಲೆ ಕೆಲಸ ಮಾಡೂ ಗಂಡನ ಬೆನ್ನ ಹತ್ತಿ ಹೊಸದಾಗಿ ಬಂದಿದ್ದೆ, ಭಾಷಾ ತಿಳೀತಿದ್ದಿಲ್ಲ. ಕಾಣೂದು ಅಂದ್ರ ಕಣ್ಣಿಗೆ ಬೀಳೂದಲ್ಲಾ, ಛಲೋ ಕಾಣತಾಳ ಅಂತ ಹೊಗಳ್ಯಾರ ಅಂದ್ಕೊಂಡು ಆರು ತಿಂಗಳು ‘ಓ’ ಅಂದೆ. ತಿಳದ ಮ್ಯಾಲೂ ‘ಓ’ ಅನ್ನೂದು ಬಿಡಲಿಲ್ಲ, ರೂಢಿ ಆಗಿತ್ತು.

ಆದರ ಕೂಸು ಕಿವಿ ನೋಡೂದಿಲ್ಲ. ಹುಟ್ಟಿ ಹತ್ತು ದಿನ ಆಗಿರ್ತದ, ಕುತ್ತಿಗಿ ನಿಂತಿರೂದಿಲ್ಲ, ತನ್ನ ಕೈ ತನ್ನದು ಅಂತ ಗೊತ್ತಿರೂದಿಲ್ಲ. ಅಂಥಾದ್ದು ಅತ್ತಿತ್ತ ಹುಡುಕಿ ಸೀದಾ ಬಂದು ನಮ್ಮ ಕಣ್ಣಿಗೆ ಕಣ್ಣು ಹಚ್ಚತದ. ಮೊದಲನೇ ಸಲ ಒಂದು ಕೂಸು ಹಂಗ ನೋಡಿದಾಗ ನನ್ನ ಕೈಯಾಗಿನ ತಂಬಿಗಿ ಅಲ್ಲೇ ನಿಂತುಬಿಡ್ತು. ನನ್ನವ್ವನ್ನ ಬಿಟ್ಟರ ಅಷ್ಟೊತ್ತು ನನ್ನ ಮಾರಿ ಯಾರೂ ನೋಡಿದ್ದಿಲ್ಲ. ನೀರು ಆರಿ ಹೋತು, ಬಾಣಂತಿ ಬೈದಳು, ನನಗ ಮಾತ್ರ ಅವತ್ತು ಹಬ್ಬ ಆದಂಗ ಆಗಿತ್ತು.

ನಾಲಿಗಿ ಪರೀಕ್ಷಾ

ಇದು ಸಾಳಿ ಮಾಸ್ತರರೊಬ್ಬರ ಮನ್ಯಾಗ ನಡದದ್ದು. ನಮ್ಮ ಕಡಿಯವರ ಅವರು. ಎರಿಯಲಿಕ್ಕೆ ಬ್ಯಾರೆ ಯಾರೂ ಸಿಗಲಾರದ್ದಕ್ಕ ನನ್ನ ಕರದಿದ್ರು. ಕುರುಡಗಣ್ಣಿಗಿಂತ ಮೆಳ್ಳಗಣ್ಣು ವಾಸಿ ಅಂತಾರಲ್ಲಾ, ಹಂಗ.

ನನಗ ಎಲಿ ಅಡಿಕಿ ಚಟ. ನಡನಡುವ ನಾಲಿಗಿ ಹೊರಗ ಹಾಕಿ ತುಟಿ ಸವರಿಕೊಳ್ಳೂದು ಚಾಳಿ. ಒಂದು ದಿನ ಎಣ್ಣಿ ತಿಕ್ಕೂ ಮುಂದ ಹಂಗ ಮಾಡಿದೆ, ಹನ್ನೆರಡು ದಿನದ ಕೂಸು ನನ್ನ ಮಾರೀನ ನೋಡ್ಕೋತ ಸಾವಕಾಶ ತನ್ನ ನಾಲಿಗಿ ಹೊರಗ ಹಾಕ್ತು. ಸುಮ್ಮನ ಹಾಕಿರಬೇಕಂತ ಇನ್ನೊಮ್ಮೆ ಮಾಡಿದೆ. ಅದೂ ಇನ್ನೊಮ್ಮೆ ಮಾಡ್ತು. ತನಗ ಒಂದು ಮಾರಿ ಅದ, ಅದರಾಗ ನಾಲಿಗಿ ಅದ, ಅದು ನನ್ನ ನಾಲಿಗಿಯಂಥಾದ್ದ ಅದ ಅಂತ ಅದಕ್ಕ ಹೇಳಿದವರು ಯಾರು? ಕನ್ನಡಿ ಸುದ್ದಾ ನೋಡಿಲ್ಲ.

ಮಾಸ್ತರರಿಗೆ ಹೇಳಿದೆ. “ಹಸಿವಿಗೆ ಮಾಡ್ತದ, ಮಳ್ಳಿ” ಅಂದ್ರು. ಆದರ ಎರದು ಮುಗಿಸಿ ಧೂಪ ಹಾಕಿ ತೊಟ್ಟಲಾಗ ಮಲಗಿಸೂದ ತಡಾ, ತಾವ ಹೋಗಿ ಬಗ್ಗಿ ನಾಲಿಗಿ ಚಾಚಿಕೊಂಡು ನಿಂತ್ರು. ಅಷ್ಟರಾಗ ಅವರ ಸಾಳಿ ಹೆಡ್ ಮಾಸ್ತರರು ಕೂಸಿನ್ನ ನೋಡಲಿಕ್ಕೆ ಬಂದ್ರು. ಮಾಸ್ತರರು ಗಾಬರ್ಯಾಗಿ ಹೊಳ್ಳಿ ನೋಡಿದ್ರು, ನಾಲಿಗಿ ಒಳಗ ತಗೊಳ್ಳೂದು ಮರತು.

ಹೆಡ್ ಮಾಸ್ತರರು ಕೊಡಿ ಮಡಿಚಿ ಮೂಲ್ಯಾಗ ಇಟ್ಟು, ವಿಷಯ ಕೇಳಿ, “ಹಂಗೇನೂ ಆಗೂದಿಲ್ರಿ” ಅಂದ್ರು. ಹಂಗಂದು ತಾವೂ ತೊಟ್ಟಲದ ಈ ಕಡೆ ಬಗ್ಗಿದ್ರು. ಮಾಸ್ತರರ ಹೆಂಡತಿ ಚಾ ತಂದಾಗ ಇಬ್ಬರು ಮೀಸಿ ಹಣ್ಣಾದ ಗಂಡಸರು ಎದುರಾಬದುರ ನಾಲಿಗಿ ಹಾಕ್ಕೊಂಡು ನಿಂತಿದ್ರು. ಕೂಸು ಒಬ್ಬರನ್ನ ನೋಡ್ತು, ಇನ್ನೊಬ್ಬರನ್ನ ನೋಡ್ತು, ಕಡೀಕ ತನ್ನ ನಾಲಿಗಿ ತೋರಿಸ್ತು. “ನನಗ ಚಾಚ್ತು” ಅಂತ ಅವರು, “ಇಲ್ರಿ, ನನಗ” ಅಂತ ಇವರು. ಚಾ ಆರಿ ಹೋತು.

ಹೋಗೂ ಮುಂದ ಹೆಡ್ ಮಾಸ್ತರರು, “ಸಾಳ್ಯಾಗ ಈ ವಿಷಯ ಬಾಯಿ ಬಿಡಬ್ಯಾಡ್ರಿ” ಅಂದ್ರು.

“ಬಾಯಿ ಬಿಡೂದಿಲ್ರಿ ಸಾಹೇಬ್ರ, ನಾಲಿಗೀನೂ ಹೊರಗ ಹಾಕೂದಿಲ್ಲ” ಅಂದ್ರು ಮಾಸ್ತರರು.

ಸೆರಗು

ಆ ಮಾಸ್ತರರ ಹೆಂಡತಿ ನನ್ನ ಕೈಗುಣ ಹೊಗಳಿದ್ದಕ್ಕ ನನಗ ದೊಡ್ಡ ಮನಿಯೊಂದರಿಂದ ಕರೆ ಬಂತು. ಧಾರವಾಡದಿಂದ ಬಂದು ಪುಣೇದಾಗ ವಕೀಲಿ ಮಾಡೂ ರಾಯರು, ಅವರ ತಾಯಿ ದೊಡ್ಡ ಬಾಯಾರು, ಹೆಂಡತಿ ಸಣ್ಣ ಬಾಯಾರು, ಅವರಿಗೆ ಹುಟ್ಟಿದ ಹನ್ನೊಂದು ದಿನದ ಕೂಸು. ಒಂದ ಅಂಗಳದ ಸುತ್ತ ಕಟ್ಟಿದ ಅವರ ವಾಡೇದಾಗ ಇನ್ನೂ ಹತ್ತು ಹನ್ನೆರಡು ಮರಾಠಿ ಸಂಸಾರ ಬಾಡಿಗಿಗೆ ಇದ್ದವು. ವಕೀಲರ ಮನ್ಯಾಗ ನನ್ನ ಇಟ್ಟುಕೊಂಡ್ರ ಇಡೀ ಓಣಿ ನನ್ನ ಕರೀತದ, ಇವರು ಬಿಡಿಸಿದ್ರ ಒಂದು ಬಾಗಲಾನೂ ನನಗ ತಗಿಯೂದಿಲ್ಲ. ಇದು ನನಗ ಗೊತ್ತಿತ್ತು.

ದೊಡ್ಡ ಬಾಯಾರು ಬಾಗಲ ಚೌಕಟ್ಟ ನೋಡ್ಕೋತ ನನ್ನ ಜೋಡಿ ಮಾತಾಡಿದ್ರು. “ಕೈ ಛಲೋ ಅದ ಅಂತ ಕೇಳೇನಿ. ಆದರ ಕೂಸು ಯಾರ ಮಾರಿ ನೋಡ್ತದ ಹಂಗ ಆಗ್ತದ. ಮಾರಿ ಮ್ಯಾಲೆ ಸೆರಗು ಎಳಕೊಂಡು ಎರದ್ರ ಎರಿ, ಇಲ್ಲಂದ್ರ ಬ್ಯಾರೆಯಾಕಿ ಬರ್ತಾಳ.”

“ಆಗಲ್ರಿ” ಅಂದೆ. ಸಿಟ್ಟು ಭಾಳ ಬಂದಿತ್ತು, ಬಾಯಿ ಮಾತ್ರ ಹಂಗಂತು.

ಮರುದಿನ ಸೆರಗು ಎದಿತನಕ ಎಳಕೊಂಡು ಕೂತೆ. ಕೂಸು ಒಂದು ಚಣ ಮ್ಯಾಲೆ ನೋಡ್ತು. ಮಾರಿ ಇರಬೇಕಾದ ಜಾಗಾದಾಗ ಬರೇ ಅರಿವಿ. ಹುಡುಕ್ತು, ಮತ್ತ ಹುಡುಕ್ತು, ಆಮ್ಯಾಲೆ ಓಣಿ ಕೇಳೂವಂಗ ಚೀರಲಿಕ್ಕೆ ಶುರು ಮಾಡ್ತು. ನೀರು ಬಿಸಿ ಅದ ಅಂದ್ರು, ತಣ್ಣೀರು ಬೆರಸಿದೆ. ಎಣ್ಣಿ ಬದಲಿ ಮಾಡಿದ್ರು. ಏನು ಮಾಡಿದ್ರೂ ಅಳು ನಿಲ್ಲಲಿಲ್ಲ. “ಇನ್ನ ಹದಿನೈದು ದಿನ ನೋಡ್ತೀನಿ, ಅಳು ನಿಲ್ಲಬೇಕು” ಅಂದ್ರು ದೊಡ್ಡ ಬಾಯಾರು. ನನಗ ಅತ್ತ ದರಿ, ಇತ್ತ ಪುಲಿ. ಸೆರಗು ತಗದ್ರ ಮಾತು ಮೀರಿದೆ ಅಂತ ಕೆಲಸ ಹೋಗ್ತದ, ಹಾಕ್ಕೊಂಡ್ರ ಕೂಸು ಅಳ್ತದ ಅಂತ ಹೋಗ್ತದ.

ಸಣ್ಣ ಬಾಯಾರು ಶಾಣ್ಯಾ ಹುಡುಗಿ. ಒಂದು ದಿನ ಅತ್ತಿ ದೇವರ ಮನ್ಯಾಗ ಇದ್ದಾಗ ಅವರೇ ನನ್ನ ಸೆರಗಿನ ತುದಿ ಎತ್ತಿ ನೋಡಿದ್ರು. ಕೂಸು ನನ್ನ ಮಾರಿ ಕಂಡದ್ದ ತಡಾ ಗಪ್ಪ ಆತು. ಬಿಕ್ಕಳಿಕಿ ಅರ್ಧಕ್ಕ ನಿಂತು, ಕಣ್ಣು ದೊಡ್ಡವಾಗಿ, ಬಾಯಿ ಗುಂಡಗ ಆಗಿ ‘ಊಂ’ ಅಂತು. ಬಾಣಂತಿ ಕಣ್ಣಾಗ ನೀರು ಬಂದವು. ನನಗೂ ಬಂದವು, ಸುಳ್ಳು ಯಾಕ ಹೇಳ್ಲಿ.

ಅವತ್ತಿನಿಂದ ಅವರು ಬಾಗಲಾ ಕಾಯೂದು, ನಾ ಸೆರಗು ಹಿಂದ ಸರಿಸಿ ಎರಿಯೂದು, ಅತ್ತಿ ಬಂದ್ರ ಅವರು ಕೆಮ್ಮೂದು, ನಾ ಸೆರಗು ಎಳಕೊಳ್ಳೂದು. ಹದಿನೈದು ದಿನ ಹಿಂಗ ದಾಟಿದ್ವಿ, ಕೆಲಸಾ ಉಳೀತು. ಆದರ ಕೂಸಿಗೆ ಕೆಮ್ಮಿನ ಅರ್ಥ ತಿಳದುಬಿಡ್ತು. ಕೆಮ್ಮಿದ್ರ ಮಾರಿ ಹೋಗ್ತದ ಅಂತ, ಯಾರು ಕೆಮ್ಮಿದ್ರೂ ಅಳಲಿಕ್ಕೆ ಹತ್ತಿತು. ವಕೀಲರಿಗೆ ನೆಗಡಿ ಆದ ವಾರ ಪಾಪ, ಅಂಗಳಕ್ಕ ಹೋಗಿ ಕೆಮ್ಮಿ ಬರ್ತಿದ್ರು.

ರುಮಾಲು

ವಕೀಲರ ಸುದ್ದಿ ಬಂತಂದ್ರ ಇದನ್ನ ಹೇಳಲಿಕ್ಕೇ ಬೇಕು. ಅವರು ಮುಂಜಾನಿ ಕಕ್ಷಿದಾರರ ಜೋಡಿ ಕೂಡೂ ಮುಂದ ಕೆಂಪು ರುಮಾಲು ಸುತ್ತಿರ್ತಿದ್ರು. ಕೋರ್ಟಿಗೆ ಹೋಗೂ ಮುಂದ ರುಮಾಲು, ಸಂಜೀಕ ಬಂದು ಕೂಸಿನ್ನ ನೋಡೂ ಮುಂದನೂ ರುಮಾಲು. ಕೂಸಿಗೆ ಅಪ್ಪ ಅಂದ್ರ ಮ್ಯಾಲೆ ಕೆಂಪು, ಕೆಳಗ ಮೀಸಿ.

ಎರಡು ತಿಂಗಳು ತುಂಬಿದ ಮ್ಯಾಲೆ ಒಂದು ಸೂಟಿ ದಿವಸ ವಕೀಲರು ಎಣ್ಣಿನೀರು ಹಾಕ್ಕೊಂಡು ಬೋಳು ಹಣಿ, ಹಸಿ ಜುಟ್ಟಿನ ಮ್ಯಾಲೆ ಬಂದು ತೊಟ್ಟಲಕ್ಕ ಬಗ್ಗಿದ್ರು. ಕೂಸಿನ ಕೆಳತುಟಿ ಮುಂದ ಬಂತು, ಚೀರ್ತು. ವಕೀಲರು ರುಮಾಲು ಸುತ್ತಿಕೊಂಡು ಬಂದ್ರು, ನಕ್ತು. ತಗದ್ರು, ಅತ್ತು. ವಕೀಲರಲ್ಲಾ, ಮೂರು ಸಲ ತಪಾಸ ಮಾಡಿ ಸಾಕ್ಷಿ ಪಕ್ಕಾ ಮಾಡಿಕೊಂಡ್ರು. ಕೂಸು ನೋಡೂದು ಹಣಿ ಮುಗಿದು ತಲಿ ಶುರು ಆಗೂ ಗೆರಿ ಅಂತ ನನಗ ಅವತ್ತ ತಿಳೀತು. ಇಷ್ಟುದ್ದ ಮನಶ್ಯಾನ್ನ ಒಂದು ಗೆರಿ ಮ್ಯಾಲೆ ಗುರುತು ಇಟ್ಟುಕೊಳ್ಳತದಲ್ಲಾ, ದೇವರು ಅದರ ತಲ್ಯಾಗ ಏನೇನು ಇಟ್ಟಾನೋ.

ಅವತ್ತಿನಿಂದ ವಕೀಲರು ಮಡಿ ಉಟ್ಟು ಉಣ್ಣಲಿಕ್ಕೆ ಕೂತ್ರೂ ಮೈ ಬರೇ ಮೈ, ತಲಿ ಮ್ಯಾಲೆ ರುಮಾಲು. “ಊಟಕ್ಕ ಕೂತೀಯೋ, ಕೋರ್ಟಿಗೆ ಹೊಂಟೀಯೋ?” ಅಂತ ಅವರ ತಾಯಿ ಕೇಳಿದ್ರು.

ವಾರದ ಮ್ಯಾಲೆ ಕೂಸು ಗ್ವಾಡಿ ಕಡೆ ನೋಡಿ ಭಾಳ ನಗಲಿಕ್ಕೆ ಹತ್ತಿತು. ಗ್ವಾಡಿಗೆ ಗೂಟ, ಗೂಟಕ್ಕ ರುಮಾಲು. ವಕೀಲರು ಅದರ ಕೆಳಗ ನಿಂತು, “ಇದು ನನಗ ನಗ್ತದೋ, ಗೂಟಕ್ಕೋ?” ಅಂತ ಕೇಳಿದ್ರು.

“ಸ್ವಲ್ಪ ಬಾಜೂಕ ಸರೀರಿ, ಹೇಳ್ತೀನಿ” ಅಂದೆ ಸೆರಗಿನೊಳಗಿಂದ. ಸರದ್ರು. ಕೂಸು ಗೂಟದ ಮ್ಯಾಲಿನ ಕಣ್ಣು ತಗೀಲಿಲ್ಲ.

ಮುಕ್ಕಣ್ಣ

ಇನ್ನೊಂದು ಸಣ್ಣದು. ದೊಡ್ಡ ಬಾಯಾರು ತೆಂಗಿನಕಾಯಿ ಜುಟ್ಟಾ ತಗದು ತೊಟ್ಟಲದ ಬಾಜೂಕ ಇಟ್ಟಿದ್ರು. ಕೂಸು ಅದರ ಮೂರು ಕಣ್ಣು ನೋಡಿ ಕೈಕಾಲು ಬಡದು ನಕ್ತು. ಕಾಯಿ ಹೊಳ್ಳಿಸಿದ್ರ ನಗು ನಿಂತುಹೋತು. ಮತ್ತ ಕಣ್ಣಿನ ಕಡೆ ಮಾಡಿದ್ರ ಮತ್ತ ನಗು. “ಮುಕ್ಕಣ್ಣನ ದರ್ಶನ ಮಾಡ್ತು ನನ್ನ ಮೊಮ್ಮಗು” ಅಂತ ದೊಡ್ಡ ಬಾಯಾರು ಆ ಕಾಯಿ ಒಡೀಲಿಕ್ಕೆ ಬಿಡಲಿಲ್ಲ, ದೇವರ ಜಗಲಿ ಮ್ಯಾಲೆ ಇಟ್ಟರು. ಮುಂದ ಯಾವ ಕಾಯಿ ತಂದ್ರೂ ಮೊದಲ ಕೂಸಿಗೆ ತೋರಿಸೂದು, ಅದು ನಕ್ಕರ ಜಗಲಿಗೆ. ಏಳು ಕಾಯಿ ಕೂತವು, ಮನ್ಯಾಗ ಚಟ್ನಿ ಬಂದ್ ಆತು.

ನನಗ ಕೆಟ್ಟ ಸಿಟ್ಟು ಬಂತು. “ಮೂರು ಕಣ್ಣಿನ ಕಾಯಿಗೆ ನಕ್ಕರ ಶುಭ ಅಂತ, ಒಂದು ಕಣ್ಣಿನ ನನಗ ನಕ್ಕರ ಅಶುಭ ಅಂತ” ಅಂತ ಸಣ್ಣ ಬಾಯಾರ ಮುಂದ ಗೊಣಗಿದೆ.

ಅವರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. “ನಿನಗೂ ಕುಂಕುಮ ಹಚ್ಚಿ ಜಗಲಿ ಮ್ಯಾಲೆ ಕೂಡಸೋಣು? ಎಂಟನೇದಾಕಿ ಆಗ್ತಿ.”

ಮಾರಿ ಬಂದ ದಿನ

ಆ ವರ್ಷಗಳು ಹೆಂಥವು ಅಂದ್ರ, ಪುಣೇದಾಗ ಪಿಲೇಗು ಮ್ಯಾಲಿಂದ ಮ್ಯಾಲೆ ಬಂದು ಹೋಗ್ತಿತ್ತು. ವಾಡೇದಾಗ ಒಂದು ಇಲಿ ಸತ್ತು ಬಿದ್ರ ಸಾಕು, ಎಲ್ಲಾರೂ ಮನಿ ಬಿಟ್ಟು ಊರ ಹೊರಗ ತಟ್ಟಿ ಗುಡಿಸಲಾಗ ಹೋಗಿ ಇರಬೇಕು. ಮೈಮ್ಯಾಲೆ ಸಂಶೇ ಬಂದವರನ್ನ ಕ್ಯಾಂಪಿಗೆ ಒಯ್ಯತಿದ್ರು. ಮರಾಠಿ ಮಂದಿ ಊರು ಹೊಡಕೊಂಡು ಹೋಗೂ ಅಂಥಾ ಬ್ಯಾನಿಗೆ ‘ಮರಿ’ ಅಂತಾರ.

ಕೂಸಿಗೆ ನಾಲ್ಕು ತಿಂಗಳು ತುಂಬಿತ್ತು. ಸಣ್ಣ ಬಾಯಾರು ತಲಿನೋವು ಅಂತ ಮಲಗಿದ್ರು, ಅವತ್ತು ದೊಡ್ಡ ಬಾಯಾರೇ ಬಚ್ಚಲ ಬಾಗಲಾಗ ಮಣಿ ಹಾಕ್ಕೊಂಡು ಕೂತ್ರು. ನಾ ಸೆರಗು ಬಿಗಿಯಾಗಿ ಎಳಕೊಂಡಿದ್ದೆ. ಕೂಸು ಅಳಲಿಲ್ಲ. ಅದಕ್ಕ ಈಗ ಕೈ ಬಂದಿತ್ತು, ಹಿಡಿಯೂದು ಕಲತಿತ್ತು. ಎರಡೂ ಮುಷ್ಟಿಲೇ ನನ್ನ ಸೆರಗು ಹಿಡದು ಒಂದ ಸಲಕ್ಕ ಜಗ್ಗಿ ಕೆಳಗ ಹಾಕ್ತು. ನನ್ನ ಮಾರಿ ಹೊರಗ ಬಿತ್ತು, ಕೂಸು ಜೀವನದಾಗ ಮೊದಲನೇ ಸಲ ಕೇಕೆ ಹಾಕಿ ನಕ್ತು.

ದೊಡ್ಡ ಬಾಯಾರು ಎದ್ದು ನಿಂತು, “ಮಾರಿ, ಮಾರೀ! ಮಾರಿ ಮುಚ್ಚು!” ಅಂತ ಒದರಿದ್ರು.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಅಂಗಳದ ನಳದ ಕಡೆ ಕೊಡಾ ತುಂಬಲಿಕ್ಕೆ ಹತ್ತಿದ್ದ ಮರಾಠಿ ಹೆಣ್ಮಗಳು “ಮರಿ ಆಲೀ!” ಅಂತ ಕೊಡಾ ಅಲ್ಲೇ ಬಿಟ್ಟು ಓಡಿದಳು. ಬ್ಯಾನಿ ಬಂತು ಅಂತ ಮಾಳಗಿ ಮ್ಯಾಲಿನವರು ಹಾಸಿಗಿ ಸುತ್ತಿದ್ರು. ಒಬ್ಬರು ದೇವರ ಪೆಟ್ಟಿಗಿ, ಒಬ್ಬರು ಉಪ್ಪಿನಕಾಯಿ ಭರಣಿ, ಒಬ್ಬ ಮುದುಕರು ಅವಸರದಾಗ ಮಂದಿ ಮನಿ ಬೆಕ್ಕು ಹೊತ್ತುಕೊಂಡು ಅಂಗಳಕ್ಕ ಇಳದ್ರು. ಯಾರೋ ಓಡಿ ಹೋಗಿ ಪಿಲೇಗಿನ ಡಾಕ್ಟರರನ್ನೂ ಇಬ್ಬರು ಜವಾನರನ್ನೂ ಕರಕೊಂಡು ಬಂದ್ರು. ವಕೀಲರು ಕೋರ್ಟಿನಾಗ. ನಾವು ಕೂಸಿನ್ನ ಎತ್ತಿಕೊಂಡು ಏನಾತು ಅಂತ ನೋಡಲಿಕ್ಕೆ ಬಾಗಲಕ್ಕ ಬಂದ್ವಿ. ಬರೂ ಮುಂದ ನಾ ರೂಢಿ ಪ್ರಕಾರ ಸೆರಗು ಎಳಕೊಂಡಿದ್ದೆ.

“ಕೋಣಾಲಾ ಝಾಲೀ?” ಯಾರಿಗೆ ಬಂದದ ಅಂತ ಡಾಕ್ಟರರು ಕೇಳಿದ್ರು. ಇಡೀ ಅಂಗಳ ನನ್ನ ಕಡೆ ಬಟ್ಟು ಮಾಡ್ತು. ಮಾರಿ ಮುಚ್ಚಿಕೊಂಡು ನಿಂತಾಕಿ ನಾ ಒಬ್ಬಾಕೀನ, ಸಂಶೇ ಬರೂದು ಬರೋಬ್ಬರಿ ಅದ.

ಕೂಸು ದೊಡ್ಡ ಬಾಯಾರ ಕೈಯಾಗಿತ್ತು. ಅವರ ಮಾರಿ ನೋಡ್ತು. ಅವರ ಕಣ್ಣು ಹೆದರಿ ಇಷ್ಟಗಲ ಆಗಿದ್ದವು, ಅದನ್ನ ಕಂಡು ಕೂಸು ಕಿಟ್ಟನ ಕಿರಚ್ತು. ಸುತ್ತ ಮಂದಿ ಮಾರಿ ನೋಡ್ತು, ಎಲ್ಲಾ ಕಡೆ ಅದೇ ಅಂಜಿಕಿ, ಇನ್ನೂ ಜೋರಾತು. ಡಾಕ್ಟರರು ಕೂಸಿನ ಕಡೆ ನೋಡಿ, “ಇದೂ ಇವಳ ಕೈಯಾಗ ಇತ್ತೇನು? ಹಂಗಾದ್ರ ಇದನ್ನೂ ಕ್ಯಾಂಪಿಗೆ ಒಯ್ಯಬೇಕಾಗ್ತದ” ಅಂತ ಮರಾಠಿಯೊಳಗ ಅಂದ್ರು. ನನ್ನ ಕಡೆ ಹೊಳ್ಳಿ, “ಪದರ ಕಾಢ” ಅಂದ್ರು. ಸೆರಗು ತಗಿ ಅಂತ.

ನಾ ದೊಡ್ಡ ಬಾಯಾರನ್ನ ನೋಡಿದೆ. ಅವರು ಕೂಸಿನ್ನ ಎದಿಗೆ ಅವಚಿಕೊಂಡ್ರು. ಸೆರಗು ತಗದ್ರ ವಾಡೇದ ಬಸರಿಯರೆಲ್ಲಾ ನನ್ನ ಮಾರಿ ನೋಡ್ತಾರ, ಅಪಶಕುನ ಅಂತ ಇವರ ಮನಿ ಅಷ್ಟ ಅಲ್ಲ, ಇಡೀ ಓಣಿಯ ಕೆಲಸ ಹೋತು. ತಗೀಲಿಲ್ಲಂದ್ರ ಈ ಕೂಸು ಕ್ಯಾಂಪಿನ ಗುಡಿಸಲಾಗ. ಕೆಲಸ ಹಾಳಾಗಿ ಹೋಗ್ಲಿ ಅಂತ ಸೆರಗು ಕಿತ್ತು ಹೆಗಲ ಮ್ಯಾಲೆ ಒಗದೆ.

ಮಂದಿ ಎಲ್ಲಾ ಎರಡು ಹೆಜ್ಜಿ ಹಿಂದ ಸರದ್ರು. ಕೂಸು ಮಾತ್ರ ಅಳೂದು ನಿಲ್ಲಿಸ್ತು. ಕಣ್ಣೀರು ಗಲ್ಲದ ಮ್ಯಾಲೆ ಇನ್ನೂ ಇಳೀಲಿಕ್ಕೆ ಹತ್ತಿದ್ದವು, ಮ್ಯಾಲೆ ನಗು ಬಂತು. ಎರಡೂ ಕೈ ಮುಂದ ಮಾಡಿ ನನ್ನ ಕಡೆ ಹಾರ್ತು. ಹಾಸಿಗಿ ಹೊತ್ತವರು ಹಾಸಿಗಿ ಇಳಿಸೂದು ಮರತ್ರು. ಡಾಕ್ಟರರು ನನ್ನ ನೋಡೂದು ಬಿಟ್ಟು ಕೂಸಿನ್ನ ನೋಡ್ಕೋತ ನಿಂತ್ರು. ದಿನಾ ಸಾಯೋರ ಮಾರಿ ನೋಡಿ ಬಂದವರು, ಪಾಪ.

“ದೇವೀ ಆಹೇ, ಜುನೀ” ಅಂದ್ರು ಕಡೀಕ. ಹಳೇ ಸಿಡುಬು ಅಂತ. “ಹಂಗಾದ್ರ ಮರಿ ಬಂತು ಅಂತ ಒದರಿದವರು ಯಾರು?”

ಈಗ ಅಂಗಳದ ಎಲ್ಲಾ ಬಟ್ಟು ದೊಡ್ಡ ಬಾಯಾರ ಕಡೆ ತಿರುಗಿದವು. ಗದ್ದಲಕ್ಕ ಎದ್ದು ಬಂದ ಸಣ್ಣ ಬಾಯಾರು ತಮ್ಮ ಹೊಸ ಮರಾಠಿಯೊಳಗ, ನಮ್ಮ ಕಡೆ ತೋಂಡಕ್ಕ, ಅಂದ್ರ ಮುಖಕ್ಕ, ಮಾರಿ ಅಂತಾರ್ರಿ ಅಂತ ತಿಳಿಸಿ ಹೇಳಿದ್ರು.

ಡಾಕ್ಟರರು ಜವಾನರನ್ನ ಹೊರಗ ಕಳಿಸಿದ್ರು. ಆಮ್ಯಾಲೆ ದೊಡ್ಡ ಬಾಯಾರಿಗೆ ಕೈ ಮುಗದು, “ಆಜೀ, ತುಮಚೀ ಮಾರೀ ಸಾಂಭಾಳಾ” ಅಂದ್ರು. ನಿಮ್ಮ ಮಾರಿ ಜೋಪಾನ ಅಂತ. ಇಡೀ ವಾಡೆ ಹೊಟ್ಟಿ ಹಿಡಕೊಂಡು ನಕ್ತು. ಮುದುಕರು ಬೆಕ್ಕಿನ್ನ ಅದರ ಮನಿಗೆ ಕೊಟ್ಟು ಬಂದ್ರು.

ಮರುದಿನ ಕೆಲಸ ಇಲ್ಲ ಅಂತ ಹೇಳಿಸಿಕೊಳ್ಳಲಿಕ್ಕೇ ಹೋದೆ. ಸೆರಗು ಎಳಕೊಂಡ ಹೋಗಿದ್ದೆ. ದೊಡ್ಡ ಬಾಯಾರು ಬಚ್ಚಲ ಬಾಗಲಾಗ ಮಣಿ ಮ್ಯಾಲೆ ಕೂತಿದ್ರು.

“ಸೆರಗು ತಗಿ” ಅಂದ್ರು. “ಇನ್ನೊಮ್ಮೆ ಮಾರಿ ಮುಚ್ಚು ಅನ್ನೂ ಧೈರ್ಯ ನನಗಿಲ್ಲ.”

ತಗದೆ. ಕೂಸಿನ್ನ ಕಾಲ ಮ್ಯಾಲೆ ಹಾಕ್ಕೊಂಡೆ, ಅದು ನೋಡ್ಕೋತ ನಕ್ಕೋತ ನೀರು ಹಾಕಿಸಿಕೊಂಡ್ತು. ದೊಡ್ಡ ಬಾಯಾರು ಕೂಸನ್ನ ನೋಡಿದ್ರು, ನನ್ನ ಕಿವಿ ನೋಡಿದ್ರು, ಚೌಕಟ್ಟ ನೋಡಿದ್ರು. ಆಮ್ಯಾಲೆ ನಾಲ್ಕು ತಿಂಗಳಾದ ಮ್ಯಾಲೆ ಮೊದಲನೇ ಸಲ ನನ್ನ ಮಾರಿ ನೋಡಿದ್ರು. ಅವರ ಕಣ್ಣು ನನ್ನ ಈ ಕಣ್ಣಿಂದ ಆ ಕಣ್ಣಿಗೆ, ಆ ಕಣ್ಣಿಂದ ಈ ಕಣ್ಣಿಗೆ ಅಡ್ಡಾಡಿದವು.

“ತಪ್ಪು ತಿಳಕೋಬ್ಯಾಡ” ಅಂದ್ರು ಸಣ್ಣ ದನೀಲೆ. “ನಿನ್ನ ಜೋಡಿ ಮಾತಾಡೂ ಮುಂದ ಯಾವ ಕಣ್ಣು ನೋಡಬೇಕು?”

“ಕೂಸಿಗೆ ಕೇಳ್ರಿ ಬಾಯಾರ” ಅಂದೆ. “ಅದು ಇಲ್ಲೀತನಕ ಒಮ್ಮೆನೂ ತಪ್ಪಿಲ್ಲ.”